ಎಂಟು ಟ್ರ್ಯಾಕಿನಿಂದ ಸರೌಂಡ್‌ವರೆಗೆ: ತಂದೆಯವರ ಭಾವಗೀತೆಗಳ ಮರುಮಿಶ್ರಣಕ್ಕೆ ಹಿಡಿದ ಹತ್ತೊಂಬತ್ತು ತಿಂಗಳು

ನಮ್ಮ ತಂದೆಯವರು ಸ್ವರಸಂಯೋಜನೆ ಮಾಡಿ 1986ರಲ್ಲಿ ಮದ್ರಾಸಿನ ಒಂದು ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ ಎಂಟು ಭಾವಗೀತೆಗಳ ಕ್ಯಾಸೆಟ್ಟು ಕಳೆದ ವಾರ ಮರುಬಿಡುಗಡೆಯಾಯಿತು. ಅದರಲ್ಲಿ ಆರು ಹಾಡುಗಳು 5.1 ಸರೌಂಡ್ (ಕೇಳುಗರ ಸುತ್ತಲಿಂದ ಸದ್ದು ಬರುವ) ಮತ್ತು ಡಾಲ್ಬಿ ಅಟ್ಮಾಸ್ (ತಲೆಯ ಮೇಲಿನಿಂದಲೂ ಬರುವ) ರೂಪದಲ್ಲಿವೆ, ಉಳಿದೆರಡು ಸ್ಟೀರಿಯೋದಲ್ಲೇ ಇವೆ. ಆರು ತಿಂಗಳಲ್ಲಿ, ಎರಡೂವರೆ ಲಕ್ಷ ರೂಪಾಯಿಯಲ್ಲಿ ಮುಗಿಯುತ್ತದೆಂದು ಕೈಹಾಕಿದ ಕೆಲಸ ಹತ್ತೊಂಬತ್ತು ತಿಂಗಳು ಹಿಡಿಯಿತು, ಖರ್ಚು 4,90,000 ರೂಪಾಯಿ ತಲುಪಿತು. ಸುಗಮ ಸಂಗೀತದ ಹಿರಿಯ ಕಲಾವಿದರ ಎಷ್ಟೋ ಮನೆಗಳ ಬೀರುಗಳಲ್ಲಿ ಇಂತಹ ಧ್ವನಿಮುದ್ರಣದ ಟೇಪು ಸುರುಳಿಗಳು ಇಂದಿಗೂ ಉಳಿದಿರಬಹುದು. ಅವರ ಮಕ್ಕಳು ನನ್ನಂತೆ ಎಡವದಿರಲಿ ಎಂಬ ಕಾರಣಕ್ಕೆ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಈ ಆಸೆ ಹುಟ್ಟಿದ್ದು ಗೆಳತಿಯೊಬ್ಬಳ ಮನೆಯಲ್ಲಿ. ಇಂಗ್ಲೆಂಡಿನ ರಾಕ್ ತಂಡ ಕಿಂಗ್ ಕ್ರಿಮ್ಸನ್‌ನ ಹಳೆಯ ಆಲ್ಬಮ್‌ಗಳನ್ನು ಸಂಗೀತಗಾರ ಸ್ಟೀವನ್ ವಿಲ್ಸನ್ 2009ರಿಂದ ಒಂದೊಂದಾಗಿ 5.1ಕ್ಕೆ ಮರುಮಿಶ್ರಣ ಮಾಡಿದ್ದಾರೆ. ಅವುಗಳಲ್ಲೊಂದನ್ನು ಆಕೆ ಕೇಳಿಸಿದಾಗ, ನಲವತ್ತು ವರ್ಷ ಹಿಂದಿನ ವಾದ್ಯಗಳು ಒಂದರ ಮೇಲೊಂದು ಬೀಳದೆ, ಒಂದೊಂದೂ ತನ್ನ ಜಾಗದಲ್ಲಿ ಉಸಿರಾಡುತ್ತಿದ್ದವು. ಅಪ್ಪನ ಹಾಡುಗಳನ್ನು ಹೀಗೆ ಕೇಳಬಹುದೇ ಎಂದು ಅಂದು ರಾತ್ರಿಯೇ ಯೋಚಿಸತೊಡಗಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅದನ್ನು ತಿಳಿಯದೆ ನಾನು ಎರಡು ತಿಂಗಳು ಕಳೆದುಕೊಂಡೆ. ರೀಮಾಸ್ಟರ್ ಎಂದರೆ ಆಗಲೇ ಮಿಶ್ರಣವಾಗಿ ಮುಗಿದಿರುವ ಎಡ-ಬಲ ಎರಡು ವಾಹಿನಿಗಳ ಟೇಪನ್ನು ಶುದ್ಧಗೊಳಿಸಿ, ಅದರ ಸದ್ದಿನ ಮಟ್ಟ ಮತ್ತು ಬಣ್ಣವನ್ನು ಸರಿಪಡಿಸುವುದು. ಮರುಮಿಶ್ರಣ ಎಂದರೆ ಅದಕ್ಕೂ ಹಿಂದಿನ ಹಂತಕ್ಕೆ ಹೋಗಿ, ಗಾಯನ, ತಬಲಾ, ಪಿಟೀಲು ಮುಂತಾದವು ಬೇರೆಬೇರೆಯಾಗಿ ದಾಖಲಾಗಿರುವ ಮಲ್ಟಿಟ್ರ್ಯಾಕ್ ಟೇಪಿನಿಂದ ಹಾಡನ್ನು ಮತ್ತೊಮ್ಮೆ ಕಟ್ಟುವುದು. ಸರೌಂಡ್‌ಗೆ ಬೇಕಾದದ್ದು ಎರಡನೆಯದು. ನಿಮ್ಮ ಬಳಿ ಇರುವುದು ಕಾಲಂಗುಲ ಅಗಲದ ಸ್ಟೀರಿಯೋ ಸುರುಳಿ ಮಾತ್ರವಾಗಿದ್ದರೆ ಒಳ್ಳೆಯ ರೀಮಾಸ್ಟರ್ ಮಾಡಿಸಿ, ಸರೌಂಡ್‌ನ ಮಾತನ್ನು ಸದ್ಯಕ್ಕೆ ಬಿಡಿ.

ಬಸವನಗುಡಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಪಿತ್ರಾರ್ಜಿತ ತಾಮ್ರದ ಹಂಡೆಯೊಂದರ ಹಿಂದೆ ಆ ಡಬ್ಬಿಗಳು ಸಿಕ್ಕವು. ಒಂದಂಗುಲ ಅಗಲದ ಟೇಪಿನ ಎರಡು ದೊಡ್ಡ ಸುರುಳಿಗಳು ಮತ್ತು ಕಾಲಂಗುಲದ ಎರಡು ಸಣ್ಣ ಸುರುಳಿಗಳಿದ್ದವು. ದೊಡ್ಡ ಡಬ್ಬಿಗಳ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ‘1/3’, ‘2/3’ ಎಂದು ಬರೆದಿತ್ತು. ಮೂರನೆಯದು ಅಲ್ಲಿರಲಿಲ್ಲ. ಮೊದಲ ಡಬ್ಬಿಯ ಒಳಗೆ ಮಡಿಸಿಟ್ಟ ಟ್ರ್ಯಾಕ್ ಶೀಟಿನಲ್ಲಿ ಎಂಟು ಕಂಬಸಾಲುಗಳಿದ್ದವು: ಒಂದರಲ್ಲಿ ತಬಲಾ, ಎರಡರಲ್ಲಿ ಢೋಲಕ್ ಮತ್ತು ಗೆಜ್ಜೆ, ಮೂರರಲ್ಲಿ ಬೇಸ್ ಗಿಟಾರ್, ನಾಲ್ಕರಲ್ಲಿ ಗಿಟಾರ್ ಮತ್ತು ಮ್ಯಾಂಡೊಲಿನ್, ಐದರಲ್ಲಿ ನಾಲ್ಕು ಪಿಟೀಲುಗಳು ಒಟ್ಟಿಗೆ, ಆರರಲ್ಲಿ ಕೊಳಲು ಮತ್ತು ತಂಬೂರಿ, ಏಳರಲ್ಲಿ ಕೋರಸ್, ಎಂಟರಲ್ಲಿ ಗಾಯನ. ಸ್ಟುಡಿಯೋದವರು ಇಂಗ್ಲಿಷಿನಲ್ಲಿ ಬರೆದಿದ್ದ ಆ ಹಾಳೆಯ ಅಂಚಿನಲ್ಲಿ ಅಪ್ಪ ಪೆನ್ಸಿಲಿನಿಂದ ಕನ್ನಡದಲ್ಲಿ ಗೀಚಿದ್ದರು: ‘4ನೇ ಹಾಡು, ಮಿಕ್ಸಿಂಗ್‌ನಲ್ಲಿ ಸ್ವಲ್ಪ ಏರಿಸಬೇಕು’. ಏನನ್ನು ಏರಿಸಬೇಕು ಎಂಬುದು ತಿಳಿಯಲು ನನಗೆ ಹನ್ನೊಂದು ತಿಂಗಳು ಬೇಕಾಯಿತು.

ಸುರುಳಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕು ಕೈಯಲ್ಲಿರುವುದಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ ಇರುತ್ತದೆ, ಅಂದರೆ 1986ರ ಕ್ಯಾಸೆಟ್ಟಿನ ಹಕ್ಕು 2046ರ ಕೊನೆಯವರೆಗೆ ಜೀವಂತ. ಕವಿತೆಯ ಹಕ್ಕು ಕವಿಯ ಮರಣಾನಂತರ ಅರವತ್ತು ವರ್ಷ. ಸ್ವರಸಂಯೋಜನೆಯ ಹಕ್ಕು ಅಪ್ಪನ ವಾರಸುದಾರರಾದ ನಮ್ಮದು. ಕ್ಯಾಸೆಟ್ ಕಂಪನಿ ತೊಂಬತ್ತರ ದಶಕದಲ್ಲಿ ಮುಚ್ಚಿಹೋಗಿ, ಅದರ ಆಸ್ತಿಯೆಲ್ಲ ಮತ್ತೊಂದು ಕಂಪನಿಗೆ ಸೇರಿತ್ತು. ಹೊಸ ಕಂಪನಿಯವರು ಮೊದಲ ನಾಲ್ಕು ತಿಂಗಳು ನನ್ನ ಪತ್ರಗಳಿಗೆ ಉತ್ತರಿಸಲಿಲ್ಲ, ಆಮೇಲೆ ಅಂತಹ ಕ್ಯಾಸೆಟ್ಟು ತಮ್ಮ ಪಟ್ಟಿಯಲ್ಲೇ ಇಲ್ಲವೆಂದರು, ಕೊನೆಗೆ ಅಪ್ಪನ ಟ್ರಂಕಿನಲ್ಲಿದ್ದ ಛಾಪಾ ಕಾಗದದ ಮೂಲ ಒಪ್ಪಂದದ ನಕಲನ್ನು ಕಳಿಸಿದ ಮೇಲೆ ಹದಿನೈದೇ ದಿನದಲ್ಲಿ ಮಾತುಕತೆಗೆ ಬಂದರು. ಆ ಒಪ್ಪಂದದಲ್ಲಿ ಕ್ಯಾಸೆಟ್ ಮತ್ತು ಗ್ರಾಮಫೋನ್ ತಟ್ಟೆಗಳ ಪ್ರಸ್ತಾಪ ಮಾತ್ರ ಇತ್ತು. ಅಂದು ಇಲ್ಲದಿದ್ದ ಮಾಧ್ಯಮಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ವಾದಿಸುವುದಕ್ಕಿಂತ ಹೊಸದಾಗಿ ಒಂದು ಒಪ್ಪಂದ ಬರೆಸಿಕೊಳ್ಳುವುದೇ ಲೇಸೆಂದು ನಮ್ಮ ವಕೀಲರು ಹೇಳಿದರು, ಹಾಗೆಯೇ ಮಾಡಿದೆವು. ನೀವು ಅಟ್ಟ ಹತ್ತಿದಾಗ ಟೇಪುಗಳ ಜೊತೆಗೆ ಹಳೆಯ ಕಾಗದಪತ್ರ, ರಸೀದಿ, ಅಂಚೆ ಕಾರ್ಡುಗಳನ್ನೂ ಇಳಿಸಿಕೊಳ್ಳಿ ಎಂಬುದು ಇದರಿಂದ ನಾನು ಕಲಿತದ್ದು.

ಕವಿಗಳ ಮನೆಯವರಿಂದ ಒಪ್ಪಿಗೆ ಪಡೆಯುವಾಗ ನಾನು ಊಹಿಸದ ತೊಡಕೊಂದು ಎದುರಾಯಿತು, ಅದು ‘ರೀಮಿಕ್ಸ್’ ಎಂಬ ಶಬ್ದ. ನನ್ನ ಪತ್ರದಲ್ಲಿ ಆ ಪದವನ್ನು ಕಂಡ ಕವಿಯೊಬ್ಬರ ಮಗಳು ಫೋನ್ ಮಾಡಿ, “ಅಪ್ಪಾಜಿ ಪದ್ಯಕ್ಕೆ ಡಿಸ್ಕೋ ಬಡಿತ ಹಾಕಿಸ್ತೀರೇನಮ್ಮಾ? ಅದಕ್ಕೆ ನಾನು ಯಾವತ್ತೂ ಒಪ್ಪೋದಿಲ್ಲ” ಎಂದು ಬಹಳ ನೊಂದು ಹೇಳಿದರು. ಅವರ ಮನೆಗೇ ಹೋಗಿ, ಒಂದು ಸ್ವರವನ್ನೂ ಸೇರಿಸುವುದಿಲ್ಲ, ಒಂದು ಪದವನ್ನೂ ತೆಗೆಯುವುದಿಲ್ಲ, ಇದ್ದ ದನಿಗಳನ್ನೇ ಕೇಳುಗರ ಸುತ್ತ ಮತ್ತೆ ಕೂರಿಸುತ್ತೇವೆ ಎಂದು ವಿವರಿಸಿದ ಮೇಲೆ, ಆ ಮಾತನ್ನು ಒಪ್ಪಂದದಲ್ಲಿಯೇ ಬರೆಯಿಸಿ ಸಹಿ ಮಾಡಿದರು. ಅಂದಿನಿಂದ ಎಲ್ಲ ಪತ್ರಗಳಲ್ಲಿಯೂ ‘ಮರುಮಿಶ್ರಣ’ ಎಂದೇ ಬರೆದೆ. ನೀವೂ ಹಾಗೆಯೇ ಬರೆಯಿರಿ.

ಕಾಗದದ ಕೆಲಸ ನಡೆಯುತ್ತಿರುವಾಗಲೇ ಟೇಪುಗಳ ಚಿಂತೆ ಶುರುವಾಯಿತು. ಡಬ್ಬಿಯ ಮೇಲೆ ಆಂಪೆಕ್ಸ್ 456 ಎಂದು ಟೇಪಿನ ಹೆಸರಿತ್ತು. ಎಪ್ಪತ್ತು-ಎಂಬತ್ತರ ದಶಕಗಳ ಇಂತಹ ಕೆಲವು ಟೇಪುಗಳಲ್ಲಿ, ಕಾಂತೀಯ ಕಣಗಳನ್ನು ಪಟ್ಟಿಗೆ ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ವರ್ಷಗಳಲ್ಲಿ ಜಿಗುಟಾಗುತ್ತದೆ. ಅದನ್ನು ಹಾಗೆಯೇ ಯಂತ್ರಕ್ಕೆ ಹಾಕಿ ಓಡಿಸಿದರೆ ಟೇಪನ್ನು ಓದುವ ಹೆಡ್ಡಿನ ಮೇಲೆ ಕೀರಲು ಸದ್ದು ಮಾಡುತ್ತಾ, ಕಂದು ಬಣ್ಣದ ಪುಡಿಯನ್ನು ಉದುರಿಸುತ್ತದೆ. ಆ ಪುಡಿಯೇ ಹಾಡು. ಒಮ್ಮೆ ಉದುರಿದರೆ ಮರಳಿ ಬರುವುದಿಲ್ಲ. ಕಾಲಂಗುಲದ ಸುರುಳಿಯನ್ನು ‘ಒಂದು ಸಲ ಹಾಕಿ ನೋಡೋಣ’ ಎಂದ ಪರಿಚಿತರೊಬ್ಬರ ಮಾತಿಗೆ ನಾನು ತಲೆಯಾಡಿಸಿದ್ದೆ, ಹತ್ತು ಸೆಕೆಂಡಿನೊಳಗೆ ಆ ಕೀರಲು ಕೇಳಿ ನಿಲ್ಲಿಸಿದೆವು. ಆ ಸುರುಳಿಯಲ್ಲಿ ಮೊದಲ ಹಾಡಿನ ಆರಂಭದ ಶ್ರುತಿಯಲ್ಲಿ ಈಗಲೂ ಒಂದು ಚಿಕ್ಕ ಮಸುಕು ಇದೆ, ಅದು ಆ ಹತ್ತು ಸೆಕೆಂಡಿನದು. ದಯವಿಟ್ಟು ಯಾರೂ ಹಾಗೆ ಹಾಕಿ ನೋಡಬೇಡಿ.

ಇದಕ್ಕೆ ಪರಿಹಾರ ಟೇಪನ್ನು ಮಂದವಾದ ಶಾಖದಲ್ಲಿ ಬೇಯಿಸುವುದು. ಒಂದಂಗುಲದ ಎಂಟು ಟ್ರ್ಯಾಕಿನ ಯಂತ್ರವನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡವರು ನನಗೆ ಸಿಕ್ಕಿದ್ದು ಮುಂಬೈಯಲ್ಲಿ, ಬೇಯಿಸುವ ಕೆಲಸವನ್ನೂ ಅವರೇ ಮಾಡುವವರಾಗಿದ್ದರು. ಕೊರಿಯರಿಗೆ ಕೊಡಲು ಮನಸ್ಸು ಬಾರದೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸುರುಳಿಗಳನ್ನು ತಲೆದೆಸೆಯಲ್ಲಿಟ್ಟುಕೊಂಡು ಹೋದೆ. ಅವರು ತಾಪಮಾನವನ್ನು ಕರಾರುವಾಕ್ಕಾಗಿ ಹಿಡಿದಿಡುವ ಪ್ರಯೋಗಾಲಯದ ಪೆಟ್ಟಿಗೆಯೊಂದರಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಡುನಡುವೆ ಮಗುಚುತ್ತ, ಹನ್ನೆರಡು ಗಂಟೆ ಇಟ್ಟರು, ಆಮೇಲೆ ಅಷ್ಟೇ ಹೊತ್ತು ತಣಿಯಲು ಬಿಟ್ಟರು. ಅಡುಗೆಮನೆಯ ಓವನ್ನು ಇದಕ್ಕೆ ಸಲ್ಲದು. ಅದಕ್ಕಿಂತ ಹಳೆಯ ಅಸಿಟೇಟ್ ಟೇಪುಗಳನ್ನಂತೂ ಬೇಯಿಸಲೇಬಾರದು, ಅವು ಹಾಳಾಗುತ್ತವೆ. ಬೇಯಿಸಿದ ಟೇಪು ಕೆಲವು ವಾರಗಳು ಮಾತ್ರ ಸುಸ್ಥಿತಿಯಲ್ಲಿರುವುದರಿಂದ ಅಷ್ಟರೊಳಗೆ ಡಿಜಿಟಲ್ ನಕಲು ಮುಗಿಯಬೇಕು. ಹಾಗಾಗಿ ಯಂತ್ರದ ದಿನಾಂಕ ನಿಗದಿಯಾಗದೆ ಬೇಯಿಸಲು ಕೊಡಬೇಡಿ.

ಮೊದಲ ಸುರುಳಿಯ ಆರಂಭದಲ್ಲಿ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್ ಮತ್ತು 100 ಹರ್ಟ್ಸ್‌ನ ಪರೀಕ್ಷಾ ಸ್ವರಗಳನ್ನು ಮದ್ರಾಸಿನ ಎಂಜಿನಿಯರರು ಶ್ರದ್ಧೆಯಿಂದ ದಾಖಲಿಸಿದ್ದರು. ಅಂದು ಅವರ ಯಂತ್ರ ಹೇಗೆ ಹೊಂದಿಕೊಂಡಿತ್ತೋ ಇಂದಿನ ಯಂತ್ರವನ್ನು ಹಾಗೆಯೇ ಹೊಂದಿಸಲು ಆ ಬೀಪ್ ಸದ್ದುಗಳೇ ಆಧಾರ. ಮುಂಬೈಯ ತಂತ್ರಜ್ಞರು ಹೆಡ್ಡಿನ ಕೋನವನ್ನು ಸಣ್ಣ ಸ್ಕ್ರೂವಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಿದ್ದಂತೆ ಗೆಜ್ಜೆಯ ಸದ್ದು ಕಂಬಳಿಯೊಳಗಿಂದ ಹೊರಬಂದಂತೆ ಸ್ಪಷ್ಟವಾಯಿತು. ಎಂಟೂ ಟ್ರ್ಯಾಕುಗಳನ್ನು 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ನಕಲಿಸಿದೆವು. ಹೀಗೆ ಮಾಡಿದಾಗ ನಿಮಿಷಕ್ಕೆ ಸುಮಾರು 138 ಎಂಬಿ ಆಗುತ್ತದೆ, ಅರ್ಧ ಗಂಟೆಯ ಸುರುಳಿಯೊಂದು ನಾಲ್ಕು ಜಿಬಿಗೆ ಮೀರುತ್ತದೆ. ಮೂರು ಪ್ರತಿ ಮಾಡಿ ಮೂರು ಮನೆಗಳಲ್ಲಿ ಇಟ್ಟಿದ್ದೇನೆ.

ಕೋರಸ್ಸಿನ ಟ್ರ್ಯಾಕನ್ನು ಒಂಟಿಯಾಗಿ ಕೇಳಿಸಿದಾಗ ಎರಡನೆಯ ಹಾಡಿಗೆ ಮುಂಚೆ ಒಂದು ಗಂಟಲು ಸರಿಮಾಡಿಕೊಂಡ ಸದ್ದು, ಅದರ ಹಿಂದೆಯೇ ಅಪ್ಪನ ದನಿ ಬಂತು: “ಇನ್ನೊಂದ್ಸಲ ಹೋಗೋಣ. ಕೊನೇ ‘ನ’ಕಾರ ನುಂಗಬೇಡಿ.” ಅವರು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ತಂತ್ರಜ್ಞರು ಏನನ್ನೂ ಕೇಳದೆ ಟೇಪು ನಿಲ್ಲಿಸಿ, ಹೊರಗೆ ಹೋಗಿ ಚಹಾ ಹೇಳಿ ಬಂದರು.

ಬೆಂಗಳೂರಿಗೆ ಮರಳಿದ ಮೇಲೆ ಮಿಶ್ರಣದ ಎಂಜಿನಿಯರರೊಂದಿಗೆ ಮಾಡಿಕೊಂಡ ಮೊದಲ ನಿಯಮವೆಂದರೆ, ಸರೌಂಡ್ ಸ್ಪೀಕರುಗಳನ್ನು ಮುಟ್ಟುವ ಮುನ್ನ ಮೂಲ ಸ್ಟೀರಿಯೋ ಮಿಶ್ರಣವನ್ನು ಆದಷ್ಟು ಇದ್ದಂತೆಯೇ ಮತ್ತೆ ಕಟ್ಟುವುದು. ಸ್ಟೀವನ್ ವಿಲ್ಸನ್ ಅನುಸರಿಸುವ ಕ್ರಮವೂ ಇದೇ. ಕೇಳುಗರ ನೆನಪಿನಲ್ಲಿರುವ ಹಾಡು ಆ ಸ್ಟೀರಿಯೋ. ಪಿಟೀಲು ಎಷ್ಟು ಹಿಂದಿತ್ತು, ಯಾವ ಸಾಲಿನಲ್ಲಿ ಕೊಳಲನ್ನು ಮೇಲೆತ್ತಿದ್ದರು ಎಂಬ ನೂರಾರು ತೀರ್ಮಾನಗಳು ಮಲ್ಟಿಟ್ರ್ಯಾಕಿನಲ್ಲಿ ಇರುವುದಿಲ್ಲ, ಅವು ಮಿಶ್ರಣದ ದಿನ ಕೈಬೆರಳುಗಳಲ್ಲಿ ನಡೆದು ಮುಗಿದುಹೋಗಿರುತ್ತವೆ. ಕಾಲಂಗುಲದ ಸುರುಳಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲಿಗೂ ಕೇಳಿ ಹೋಲಿಸಿ, ಆರು ಹಾಡುಗಳಿಗೆ ಐದು ದಿನ ಕಳೆದೆವು.

ಗಾಯನದ ಸುತ್ತ ಇದ್ದ ಗುಂಗು ಮಲ್ಟಿಟ್ರ್ಯಾಕಿನಲ್ಲಿ ಇರಲಿಲ್ಲ. ದನಿ ಒಣಒಣವಾಗಿ, ಯಾರೋ ಎದುರು ಕುಳಿತು ಹಾಡಿದಂತಿತ್ತು. ನಿವೃತ್ತರಾಗಿ ಚೆನ್ನೈಯಲ್ಲಿರುವ ಅಂದಿನ ಎಂಜಿನಿಯರರನ್ನು ಹುಡುಕಿ ಫೋನ್ ಮಾಡಿದೆ. “ಅದು ಪ್ಲೇಟ್ ರಿವರ್ಬ್ ಅಮ್ಮಾ, ಇಎಂಟಿ. ಗಾಯನಕ್ಕೆ ಮಾತ್ರ, ಸ್ವಲ್ಪ ತಡವಾಗಿ ಬಿಡ್ತಿದ್ದೆ” ಎಂದು ನಿನ್ನೆ ಮೊನ್ನೆ ಮಾಡಿದ ಕೆಲಸದಂತೆ ತಮಿಳುಮಿಶ್ರಿತ ಕನ್ನಡದಲ್ಲಿ ಹೇಳಿದರು. ಚೌಕಟ್ಟಿನಲ್ಲಿ ತೂಗುಹಾಕಿದ ದೊಡ್ಡ ಉಕ್ಕಿನ ತಗಡನ್ನು ದನಿಯಿಂದ ಕಂಪಿಸಿ ಆ ಗುಂಗನ್ನು ಪಡೆಯುವ ಯಂತ್ರ ಅದು. ಅದರ ಡಿಜಿಟಲ್ ಪ್ರತಿರೂಪವನ್ನು ಬಳಸಿ, ಅವರು ಹೇಳಿದಂತೆ ಕೊಂಚ ತಡವಾಗಿ ಬಿಟ್ಟಾಗ ಹಾಡು ತಟ್ಟನೆ 1986ಕ್ಕೆ ಮರಳಿತು. ಅಂದಿನ ಕಲಾವಿದರು, ತಂತ್ರಜ್ಞರು ಯಾರಾದರೂ ಇದ್ದರೆ ಮೊದಲ ತಿಂಗಳಲ್ಲೇ ಅವರನ್ನು ಮಾತನಾಡಿಸಿ, ನಾನು ಒಂದು ವರ್ಷ ತಡಮಾಡಿದೆ.

ನಾಲ್ಕನೆಯ ಹಾಡು ಮಾತ್ರ ಏನು ಮಾಡಿದರೂ ಸ್ಟೀರಿಯೋದೊಂದಿಗೆ ಕೂಡಲಿಲ್ಲ. ಪಲ್ಲವಿಯಲ್ಲಿ ಜೊತೆಗಿದ್ದದ್ದು ಚರಣದ ಹೊತ್ತಿಗೆ ಜಾರಿರುತ್ತಿತ್ತು, ನಾಲ್ಕೂವರೆ ನಿಮಿಷದ ಕೊನೆಗೆ ಸುಮಾರು ಎಂಟು ಸೆಕೆಂಡಿನ ಅಂತರ ಬೀಳುತ್ತಿತ್ತು. ಯಂತ್ರದ ದೋಷವೆಂದುಕೊಂಡು ಮುಂಬೈಗೆ ಮತ್ತೆ ಹೋಗಲು ಟಿಕೆಟ್ ಕೂಡ ತೆಗೆದಿದ್ದೆ. ಆಗ ಅಪ್ಪನ ಪೆನ್ಸಿಲ್ ಟಿಪ್ಪಣಿ ನೆನಪಾಯಿತು. ಅವರು ಏರಿಸಬೇಕೆಂದಿದ್ದು ಗಾಯನವನ್ನಲ್ಲ, ಟೇಪಿನ ವೇಗವನ್ನು. ಮಿಶ್ರಣದ ಸಮಯದಲ್ಲಿ ಯಂತ್ರವನ್ನು ಶೇಕಡಾ ಮೂರರಷ್ಟು ವೇಗವಾಗಿ ಓಡಿಸಿ, ಶ್ರುತಿಯನ್ನು ಅರ್ಧ ಸ್ವರಸ್ಥಾನದಷ್ಟು ಮೇಲೆ ತಂದಿದ್ದರು. ಮೂಲ ವೇಗದಲ್ಲಿ ಗಾಯಕಿಯ ದನಿ ಹೆಚ್ಚು ಗಂಭೀರವಾಗಿ, ನನ್ನ ಕಿವಿಗೆ ಹೆಚ್ಚು ಚೆನ್ನಾಗಿಯೇ ಕೇಳುತ್ತಿತ್ತು. ಎರಡು ದಿನ ಯೋಚಿಸಿ, ಅಪ್ಪ ಏರಿಸಿದ್ದನ್ನು ನಾನು ಇಳಿಸುವುದು ತರವಲ್ಲವೆಂದು ಅವರ ವೇಗವನ್ನೇ ಉಳಿಸಿದೆ.

ಇನ್ನು ಸರೌಂಡ್. 5.1ರಲ್ಲಿ ಮುಂದೆ ಮೂರು, ಹಿಂದೆ ಎರಡು ಸ್ಪೀಕರುಗಳು, ಜೊತೆಗೆ ತಗ್ಗು ಸ್ವರಗಳಿಗೊಂದು ವಾಹಿನಿ ಇರುತ್ತದೆ. ನಾವು ಬಾಡಿಗೆಗೆ ಪಡೆದ 7.1.4ರ ಕೋಣೆಯಲ್ಲಿ ತಲೆಯ ಮೇಲೆಯೂ ನಾಲ್ಕಿದ್ದವು. ಇಷ್ಟೊಂದು ಜಾಗ ಕಂಡಾಗ ಎಲ್ಲವನ್ನೂ ಓಡಾಡಿಸುವ ಆಸೆ ಬರುತ್ತದೆ. ಆದರೆ ಎಂಟು ಟ್ರ್ಯಾಕುಗಳೇ ನಮ್ಮ ಮಿತಿಯನ್ನು ಹೇಳುತ್ತಿದ್ದವು. ತಬಲಾ ಒಂದೇ ಟ್ರ್ಯಾಕಿನಲ್ಲಿದ್ದುದರಿಂದ ಅದರ ಬಲ-ಎಡ ಭಾಗಗಳಾದ ದಾಯಾಂ-ಬಾಯಾಂಗಳನ್ನು ಬೇರೆ ಮಾಡುವಂತಿರಲಿಲ್ಲ, ನಾಲ್ಕು ಪಿಟೀಲುಗಳು ಒಟ್ಟಿಗೇ ಚಲಿಸಬೇಕಿತ್ತು. ಗಾಯನವನ್ನು ನಡುವಿನ ಸ್ಪೀಕರಿಗೆ ಮಾತ್ರ ಕೊಟ್ಟಾಗ ದನಿ ವಾದ್ಯಗಳಿಂದ ಕಡಿದುಕೊಂಡು ಒಂಟಿಯಾಯಿತು, ಹಾಗಾಗಿ ಎಡ-ಬಲಗಳಿಗೂ ಹಂಚಿದೆವು. ಕೊಳಲಿನ ಟ್ರ್ಯಾಕಿನಲ್ಲೇ ಇದ್ದ ತಂಬೂರಿ ಪ್ರತಿ ಹಾಡಿನ ಆರಂಭದಲ್ಲಿ ಕೆಲವು ಸೆಕೆಂಡು ಒಂಟಿಯಾಗಿ ನುಡಿಯುತ್ತಿತ್ತು. ಅದನ್ನು ಹಿಂದಿನ ಎರಡೂ ಬದಿಗಳಿಂದ ಬಹಳ ಮೆಲ್ಲಗೆ ಬಿಟ್ಟಾಗ, ಕಛೇರಿಯ ವೇದಿಕೆಯ ಮೇಲೆ ಹಾಡುಗಾರರು ಕೇಳುವಂತೆ ಶ್ರುತಿ ಬೆನ್ನ ಹಿಂದಿನಿಂದ ಬಂದು ಆವರಿಸಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಜಾಗ ಅದು.

ಏಳನೆಯ ದಿನ ಅಮ್ಮನನ್ನು ಕರೆದುಕೊಂಡು ಹೋದೆ. 1986ರ ಕೋರಸ್ಸಿನ ನಾಲ್ವರಲ್ಲಿ ಆಕೆಯೂ ಒಬ್ಬಳು. ಮೊದಲ ಹಾಡಿನಲ್ಲಿ ನಾವು ಕೊಳಲನ್ನು ಕೋಣೆಯ ಸುತ್ತ ಒಂದು ಸುತ್ತು ಬರುವಂತೆ ಮಾಡಿದ್ದೆವು. “ಕೊಳಲು ಯಾಕೆ ಹೀಗೆ ಓಡಾಡ್ತಿದೆ ಕಣೇ? ನುಡಿಸೋರು ಕೂತೇ ಇದ್ರಲ್ಲ” ಎಂದಳು. ಅಂದೇ ಆ ಸುತ್ತಾಟವನ್ನು ತೆಗೆದು, ಕೊಳಲನ್ನು ಎಡಬದಿಯಲ್ಲಿ ಕೂರಿಸಿದೆವು. ಎರಡನೆಯ ಹಾಡಿನಲ್ಲಿ ಕೋರಸ್ಸು ಹಿಂದಿನಿಂದ ಎದ್ದಾಗ ಆಕೆ ಏನೂ ಹೇಳಲಿಲ್ಲ. ತಿರುಗಿ ಹಿಂದಿನ ಬಲಗಡೆಯ ಸ್ಪೀಕರನ್ನು ನೋಡುತ್ತಾ ಕುಳಿತು, ಹಾಡು ಮುಗಿಯುವಾಗ ತುಟಿಯಲ್ಲಿಯೇ ಕೊನೆಯ ಸಾಲನ್ನು ಸೇರಿ ಹಾಡಿದಳು, ‘ನ’ಕಾರವನ್ನು ನುಂಗದೆ.

ಕಳೆದುಹೋದ ಮೂರನೆಯ ಸುರುಳಿಯ ಎರಡು ಹಾಡುಗಳು ಸ್ಟೀರಿಯೋದಲ್ಲಿ ಮಾತ್ರ ಉಳಿದಿದ್ದವು. ಬೆರೆತ ದನಿಗಳನ್ನು ಕಂಪ್ಯೂಟರಿನಿಂದ ಬಿಡಿಸುವ ತಂತ್ರ ಈಗ ಬಹಳ ಮುಂದುವರಿದಿದೆ. ಬೀಟಲ್ಸ್ ತಂಡದ ‘ರಿವಾಲ್ವರ್’ ಆಲ್ಬಮ್ಮಿನ 2022ರ ಮರುಮಿಶ್ರಣಕ್ಕೆ ಜೈಲ್ಸ್ ಮಾರ್ಟಿನ್ ಅದನ್ನೇ ಬಳಸಿದರು. ನಾವೂ ಸುಲಭವಾಗಿ ಸಿಗುವ ತಂತ್ರಾಂಶವೊಂದರಲ್ಲಿ ಪ್ರಯತ್ನಿಸಿದೆವು. ಅದು ಹಾಡನ್ನು ಗಾಯನ, ಡ್ರಮ್ಸ್, ಬೇಸ್, ಇತರೆ ಎಂದು ನಾಲ್ಕು ಪಾಲು ಮಾಡುತ್ತದೆ. ಗಾಯನ ಚೆನ್ನಾಗಿಯೇ ಬಿಡಿಸಿಕೊಂಡು ಬಂತು. ಆದರೆ ತಬಲಾ ಎರಡು ಹೋಳಾಯಿತು: ದಾಯಾಂನ ಪೆಟ್ಟು ಡ್ರಮ್ಸಿಗೂ, ಬಾಯಾಂನ ಮೀಂಡು, ಅಂದರೆ ಜಾರುವ ದನಿ, ಬೇಸ್ ಗಿಟಾರಿನ ಪಾಲಿಗೂ ಹೋಯಿತು. ಪಿಟೀಲಿನ ಗಮಕಗಳಲ್ಲಿ ಕೆಲವು ಗಾಯನದೊಳಗೆ ಸೇರಿದವು. ಹೀಗೆ ಹರಿದ ಬಟ್ಟೆಯನ್ನು ಐದು ಸ್ಪೀಕರುಗಳಲ್ಲಿ ಹರಡುವುದು ಬೇಡವೆಂದು ತೀರ್ಮಾನಿಸಿ, ಆ ಎರಡನ್ನು ಸ್ಟೀರಿಯೋ ರೀಮಾಸ್ಟರ್ ಆಗಿಯೇ ಉಳಿಸಿದೆವು, ಕಾರಣವನ್ನು ಆಲ್ಬಮ್ಮಿನ ಪುಸ್ತಿಕೆಯಲ್ಲಿ ಬರೆದೆವು.

ಸ್ಟ್ರೀಮಿಂಗ್ ಕಂಪನಿಗಳಿಗೆ ಕಡತ ಒಪ್ಪಿಸುವ ಹಂತದಲ್ಲಿ ನಾನು ಕಂಡುಕೊಂಡ ಕೆಲವು ಸಂಗತಿಗಳಿವೆ. ಅಟ್ಮಾಸ್ ಮಿಶ್ರಣದ ಸರಾಸರಿ ಗಟ್ಟಿತನ, ಅದನ್ನು ಅಳೆಯುವ ಮಾನದಲ್ಲಿ, ಮೈನಸ್ 18 ಎಲ್‌ಕೆಎಫ್‌ಎಸ್ ಮೀರಬಾರದು, ಶಿಖರ ಮೈನಸ್ 1 ಡೆಸಿಬೆಲ್ ದಾಟಬಾರದು. ನಮ್ಮ ಮೆಲುದನಿಯ ಹಾಡುಗಳಿಗೆ ಇದೊಂದು ವರ, ಯಾವುದನ್ನೂ ಹಿಂಡಿ ಗಟ್ಟಿಮಾಡಬೇಕಾಗಲಿಲ್ಲ. ಪ್ರತಿಯೊಂದು ಹೊಸ ಮಿಶ್ರಣಕ್ಕೂ ಹನ್ನೆರಡು ಅಕ್ಷರ-ಅಂಕಿಗಳ, ಧ್ವನಿಮುದ್ರಿಕೆಯನ್ನು ಗುರುತಿಸುವ ಪ್ರತ್ಯೇಕ ಐಎಸ್‌ಆರ್‌ಸಿ ಸಂಖ್ಯೆ ಬೇಕು, ಹಳೆಯ ಸ್ಟೀರಿಯೋದ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಅಟ್ಮಾಸ್ ಮತ್ತು ಸ್ಟೀರಿಯೋ ಕಡತಗಳ ಅವಧಿ ಒಂದೇ ಆಗಿರಬೇಕು. ಆರನೆಯ ಹಾಡಿನ ಕೊನೆಯಲ್ಲಿ, ಕ್ಯಾಸೆಟ್ಟಿನಲ್ಲಿ ಮಸುಕಾಗಿ ಮುಗಿಯುವ ಜಾಗವನ್ನು ದಾಟಿ ವಾದ್ಯದವರು ಇನ್ನೂ ನುಡಿಸುತ್ತಿದ್ದುದು ಬಹಳ ಚೆಂದವಿತ್ತೆಂದು ಆರು ಸೆಕೆಂಡು ಹೆಚ್ಚು ಉಳಿಸಿದ್ದೆವು. ಆ ಕಾರಣಕ್ಕೇ ಕಡತ ವಾಪಸು ಬಂದು ಮೂರು ವಾರ ಹಾಳಾಯಿತು. ಇಯರ್‌ಫೋನಿನಲ್ಲಿ ಕೇಳುವವರಿಗಾಗಿ ಬೇರೆಬೇರೆ ಸೇವೆಗಳಲ್ಲಿ ಕೇಳಿ ನೋಡುವುದೂ ಅಗತ್ಯ. ಆಪಲ್ ತನ್ನದೇ ವಿಧಾನದಿಂದ ಸರೌಂಡನ್ನು ಎರಡು ಕಿವಿಗೆ ಇಳಿಸುವುದರಿಂದ, ನಾವು ಸ್ಟುಡಿಯೋದಲ್ಲಿ ಕೇಳಿ ಒಪ್ಪಿದ್ದ ದೂರ-ಹತ್ತಿರಗಳು ಅಲ್ಲಿ ಬದಲಾಗಿದ್ದವು. ಮನೆಯಲ್ಲಿ 5.1 ವ್ಯವಸ್ಥೆ ಇರುವವರು ಹಿಂದಿನ ಸ್ಪೀಕರುಗಳನ್ನು ಗೋಡೆಯ ಮೂಲೆಗೆ ತಳ್ಳದೆ, ಕುಳಿತ ಜಾಗದ ಪಕ್ಕದಿಂದ ತುಸು ಹಿಂದಕ್ಕೆ, ಅಂದರೆ ನೇರ ಮುಂದಿನಿಂದ 110 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಮಿಶ್ರಣ ನಾವು ಉದ್ದೇಶಿಸಿದಂತೆ ಕೇಳುತ್ತದೆ.

ಖರ್ಚಿನ ಲೆಕ್ಕ ಹೀಗಿದೆ: ಟೇಪು ಬೇಯಿಸಿ ನಕಲಿಸಲು 42,000, ಸದ್ದು ಶುದ್ಧೀಕರಣಕ್ಕೆ 30,000, ಹನ್ನೊಂದು ದಿನದ ಸ್ಟುಡಿಯೋ ಬಾಡಿಗೆ 1,54,000, ಎಂಜಿನಿಯರರ ಸಂಭಾವನೆ 1,20,000, ವಕೀಲರು ಮತ್ತು ಒಪ್ಪಂದಗಳಿಗೆ 48,000, ಕವಿಗಳ ಮನೆಯವರಿಗೆ ಮುಂಗಡವಾಗಿ 60,000, ಮಾಸ್ಟರಿಂಗ್‌ಗೆ 36,000 ರೂಪಾಯಿ. ಇದು ಹಾಡುಗಳಿಂದ ಮರಳಿ ಬರುವ ಹಣವಲ್ಲವೆಂದು ತಿಳಿದೇ ಹಾಕಿದ್ದೇವೆ. ಬ್ಲೂ-ರೇ ತಟ್ಟೆ ಮಾಡಿಸುವ ಆಸೆಯಿತ್ತು, ಕನಿಷ್ಠ ಸಾವಿರ ಪ್ರತಿ ಒತ್ತಿಸಬೇಕೆಂದಾಗ ಅದನ್ನು ಮುಂದಕ್ಕೆ ಹಾಕಿದೆವು.

ಸುರುಳಿಗಳು ಈಗ ಮನೆಯಲ್ಲಿ, ಅಟ್ಟದ ಬದಲು ಒಳಕೋಣೆಯ ಬೀರುವಿನಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ನೆಟ್ಟಗೆ ನಿಂತಿವೆ. ಅವುಗಳ ಪಕ್ಕ ಒಂದು ಡಬ್ಬಿಯಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮದ್ರಾಸಿನಲ್ಲಿಯೋ ಬೆಂಗಳೂರಿನಲ್ಲಿಯೋ ಯಾರದಾದರೂ ಗೋದಾಮಿನಲ್ಲಿ, ಕಂದು ರಟ್ಟಿನ ಒಂದಂಗುಲದ ಡಬ್ಬಿಯ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ‘3/3’ ಎಂದು ಬರೆದಿರುವುದು ಕಂಡರೆ, ಅದನ್ನು ಯಂತ್ರಕ್ಕೆ ಹಾಕದೆ ಹಾಗೆಯೇ ನನಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.